ಬೀಜ ಎಲ್ಲಿಯದಾದರೇನು, ಬೆಳೆ ನಮ್ಮ ಹೊಲದ್ದಾಗಲಿ

ನಿಮ್ಮ ಕೈಯಲ್ಲಿರುವ ಫೋನನ್ನು ಒಮ್ಮೆ ತಿರುವಿ ಹಿಂಬದಿ ನೋಡಿ. ವಿವೊ, ಒಪ್ಪೊ, ರಿಯಲ್‌ಮಿ, ಶಿಯೋಮಿ. ಈ ನಾಲ್ಕರಲ್ಲಿ ಒಂದು ಹೆಸರು ಇರುವ ಸಾಧ್ಯತೆಯೇ ಹೆಚ್ಚು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಯಾವ ಮೊಬೈಲ್ ಅಂಗಡಿಗೆ ಹೋದರೂ ಬೋರ್ಡಿನ ಮೇಲೆ ಇವೇ ಹೆಸರು ಕಾಣುತ್ತವೆ. ನಾಲ್ಕೂ ಚೀನಾ ಮೂಲದ ಕಂಪನಿಗಳು. ಜೋಡಣೆ ನಮ್ಮ ದೇಶದಲ್ಲೇ ಆಗಿರಬಹುದು, ಆದರೆ ತಲೆ ಓಡುವುದು ಅಲ್ಲಿ.

ಈಗ ಆ ಫೋನಿನೊಳಗೆ ಇನ್ನೊಂದು ತಲೆ ಬಂದು ಕೂತಿದೆ. ಕೇಳಿದ್ದಕ್ಕೆ ಉತ್ತರ ಹೇಳುವ, ಪತ್ರ ಬರೆದುಕೊಡುವ, ಫೋಟೊ ನೋಡಿ ಇದು ಇಂಥ ರೋಗ ಎನ್ನುವ ಎಐ, ಅಂದರೆ ಕೃತಕ ಬುದ್ಧಿಮತ್ತೆ. ಹೊಸ ಫೋನ್ ಕೊಳ್ಳಲು ಹೋದರೆ ಅಂಗಡಿಯವರು ಕ್ಯಾಮೆರಾ, ಬ್ಯಾಟರಿ ಜತೆಗೆ ‘ಎಐ ಐತ್ರಿ ಇದರಾಗ’ ಎಂದೂ ಹೇಳುತ್ತಾರೆ. ಆ ಎಐ ಯಾರದ್ದು, ಅದಕ್ಕೆ ನಮ್ಮ ಮಾತು ಎಷ್ಟು ಗೊತ್ತು, ನಾವು ಕೇಳಿದ ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಇನ್ನು ಮೇಲೆ ಕೇಳಬೇಕು ಎಂಬುದೇ ಈ ಬರಹದ ಉದ್ದೇಶ.

ಫೋನ್ ಕಂಪನಿಗಳು ಯಾರ ಕೈ ಹಿಡಿದಿವೆ?

2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24 ಫೋನನ್ನು ಬಿಟ್ಟಿತು. ಬೇರೆ ದೇಶಗಳಲ್ಲಿ ಅದರೊಳಗೆ ಗೂಗಲ್‌ನ ಎಐ ಇತ್ತು. ಚೀನಾದಲ್ಲಿ ಮಾರಿದ ಫೋನಿಗೆ ಮಾತ್ರ ಅಲ್ಲಿನ ಬೈದು ಕಂಪನಿಯ ‘ಎರ್ನಿ’ ಎಂಬ ಭಾಷಾ ಮಾದರಿಯನ್ನು ಹಾಕಿದರು. 2025ರ ಫೆಬ್ರುವರಿಯಲ್ಲಿ ಅಲಿಬಾಬಾ ಕಂಪನಿಯ ಅಧ್ಯಕ್ಷ ಜೋ ತ್ಸಾಯ್ ದುಬೈನ ಒಂದು ಸಮಾವೇಶದಲ್ಲಿ, ಚೀನಾದಲ್ಲಿ ಮಾರುವ ಐಫೋನ್‌ಗಳ ಎಐಗಾಗಿ ಆ್ಯಪಲ್ ತಮ್ಮ ಜತೆ ಕೈಜೋಡಿಸಿದೆ ಎಂದು ಹೇಳಿದರು. ಅಮೆರಿಕದ ಅಷ್ಟು ದೊಡ್ಡ ಕಂಪನಿ, ಚೀನಾದ ಕಂಪನಿಯ ಬಾಗಿಲು ತಟ್ಟಿತು.

ಯಾಕೆ? ಚೀನಾದಲ್ಲಿ ಇದಕ್ಕೊಂದು ಕಾನೂನು ಇದೆ. 2023ರ ಆಗಸ್ಟ್ 15ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಜನರ ಬಳಕೆಗೆ ಬಿಡುವ ಇಂಥ ಎಐ ಸೇವೆ ಅಲ್ಲಿನ ಸರ್ಕಾರದ ಕಟ್ಟಳೆಗೆ ಒಳಪಡಬೇಕು. ಹೊರಗಿನವರು ಸುಮ್ಮನೆ ಬಂದು ತಮ್ಮ ಎಐ ಹಾಕಿ ಮಾರಲು ಆಗುವುದಿಲ್ಲ. ಆ ನಿಯಮದ ಹಿಂದೆ ಜನರ ಬಾಯಿಗೆ ಬೀಗ ಹಾಕುವ ಲೆಕ್ಕವೂ ಇದೆ. ಅದನ್ನು ನಾವು ಹೊಗಳುತ್ತಿಲ್ಲ. ಆದರೆ ಒಂದು ಮಾತು ನಿಜ: ಸರ್ಕಾರ ಷರತ್ತು ಹಾಕಿದರೆ ಎಂಥ ದೊಡ್ಡ ಫೋನ್ ಕಂಪನಿಯೂ ಮಣಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಹೊತ್ತಿಗೆ, 2025ರ ಜನವರಿ 20ರಂದು ಚೀನಾದ ಹಾಂಗ್‌ಝೌ ನಗರದ ಡೀಪ್‌ಸೀಕ್ ಎಂಬ ಕಂಪನಿ ‘ಆರ್1’ ಎಂಬ ಮಾದರಿಯನ್ನು ಬಿಟ್ಟಿತು. ಬಿಟ್ಟಿದ್ದಷ್ಟೇ ಅಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಿ, ತಿದ್ದಿ ಬಳಸಿ ಎಂದಿತು. ಕೆಲವೇ ವಾರಗಳಲ್ಲಿ ಹಾನರ್, ಒಪ್ಪೊ, ವಿವೊ ಮುಂತಾದ ಫೋನ್ ಕಂಪನಿಗಳು ಚೀನಾದಲ್ಲಿ ತಮ್ಮ ಫೋನುಗಳಿಗೆ ಅದನ್ನು ಜೋಡಿಸಿದವು. ಅದೇ ವರ್ಷದ ಏಪ್ರಿಲ್ ಕೊನೆಗೆ ಅಲಿಬಾಬಾ ‘ಕ್ವೆನ್3’ ಮಾದರಿಗಳನ್ನು ಹಾಗೆಯೇ ಮುಕ್ತವಾಗಿ ಕೊಟ್ಟಿತು. ಅದರ ಹಿಂದೆಯೇ ಫೋನ್ ಮಾಡುವ ಶಿಯೋಮಿ ಕೂಡ ‘ಮಿಮೊ’ ಎಂಬ ಮಾದರಿಯನ್ನು ಹೊರಗಿಟ್ಟಿತು. ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡಿದ್ದ ಬೈದು ಕೂಡ ಜೂನ್ ಕೊನೆಗೆ ತನ್ನ ಎರ್ನಿಯನ್ನು ತೆರೆದಿಟ್ಟಿತು.

ಕೋಟಿಗಟ್ಟಲೆ ಖರ್ಚು ಮಾಡಿ ತಯಾರಿಸಿದ್ದನ್ನು ಬಿಟ್ಟಿ ಕೊಡುವುದರಲ್ಲಿ ಅವರ ಲಾಭದ ಲೆಕ್ಕ ಇದ್ದೇ ಇದೆ. ಊರೆಲ್ಲ ತಮ್ಮ ಬೀಜವನ್ನೇ ಬಿತ್ತಿದರೆ ಸಂತೆಯೂ ತಮ್ಮದೇ ಆಗುತ್ತದೆ. ಅದು ಅವರ ಲೆಕ್ಕ. ನಮ್ಮ ಲೆಕ್ಕ ಏನು ಎಂಬುದನ್ನು ನಾವು ನೋಡಬೇಕು.

ಮುಕ್ತ ಮಾದರಿ ಅಂದರೆ ಏನು?

ಭಾಷಾ ಮಾದರಿ ಎಂದರೆ ಲಕ್ಷಾಂತರ ಪುಸ್ತಕ, ಪತ್ರಿಕೆ, ಜಾಲತಾಣಗಳನ್ನು ಓದಿಸಿ ಕಲಿಸಿದ ಒಂದು ಯಂತ್ರ. ಯಾವ ಮಾತಿನ ಮುಂದೆ ಯಾವ ಮಾತು ಬರುತ್ತದೆ ಎಂಬುದನ್ನು ಅದು ಕಲಿತಿರುತ್ತದೆ. ಕಲಿತದ್ದೆಲ್ಲ ಕೋಟ್ಯಂತರ ಅಂಕಿಗಳಾಗಿ ಒಂದು ದೊಡ್ಡ ಫೈಲಿನಲ್ಲಿ ಇರುತ್ತದೆ. ಕೆಲವು ಕಂಪನಿಗಳು ಆ ಫೈಲನ್ನು ಯಾರಿಗೂ ಕೊಡುವುದಿಲ್ಲ. ನೀವು ಪ್ರಶ್ನೆ ಕಳಿಸಬೇಕು, ಅವರು ಉತ್ತರ ಕಳಿಸುತ್ತಾರೆ. ಇದು ಮುಚ್ಚಿದ ಮಾದರಿ. ಇನ್ನು ಕೆಲವರು ಫೈಲನ್ನೇ ಕೈಗೆ ಕೊಡುತ್ತಾರೆ. ಇದು ಮುಕ್ತ ಮಾದರಿ.

ನಮ್ಮ ಭಾಗದವರಿಗೆ ಇದನ್ನು ಬೀಜದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕುಷ್ಟಗಿ, ಕೊಪ್ಪಳದ ಕಡೆ ಕಂಪನಿಗಳಿಗೆ ಹೈಬ್ರಿಡ್ ಬೀಜ ಮಾಡಿಕೊಡುವ ರೈತರಿದ್ದಾರೆ. ಗಂಡು ಗಿಡ, ಹೆಣ್ಣು ಗಿಡದ ಮೂಲ ತಳಿ ಕಂಪನಿಯ ಕೈಯಲ್ಲೇ ಇರುತ್ತದೆ. ಆ ಹೈಬ್ರಿಡ್ ಬಿತ್ತಿದವರು ಬೆಳೆಯಲ್ಲಿ ಬೀಜ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ. ಪ್ರತಿ ವರ್ಷ ಪೊಟ್ಟಣ ಕೊಳ್ಳಲೇಬೇಕು. ಮುಚ್ಚಿದ ಮಾದರಿ ಹೀಗೆ.

ಮುಕ್ತ ಮಾದರಿಗೆ ಹೋಲಿಕೆ ಬೇಕೆಂದರೆ ಗಂಗಾವತಿಗೆ ಬನ್ನಿ. ಗಂಗಾವತಿ ಅಕ್ಕಿ ಎಂದರೆ ರಾಜ್ಯಕ್ಕೇ ಹೆಸರು. ಆ ಹೆಸರಿಗೆ ಕಾರಣವಾದ ಸೋನಾ ಮಸೂರಿಯ ಬೇರು ಎಲ್ಲಿದೆ ಗೊತ್ತೇ? ‘ಮಸೂರಿ’ ಎಂಬುದು ಮಲೇಷ್ಯಾದಿಂದ ಬಂದ ತಳಿ. ಅದನ್ನು ‘ಸೋನಾ’ ತಳಿಯ ಜತೆ ಕೂಡಿಸಿ ಹೊಸದನ್ನು ಮಾಡಿದ್ದು ಆಂಧ್ರದ ಬಾಪಟ್ಲಾದ ಸಂಶೋಧನಾ ಕೇಂದ್ರ. ಬಿಪಿಟಿ ಎಂದು ಭತ್ತದ ವ್ಯಾಪಾರಿಗಳು ಕರೆಯುತ್ತಾರಲ್ಲ, ಅದು ಬಾಪಟ್ಲಾದ ಗುರುತು. ಹೊರನಾಡಿನ ಬೀಜ, ಪಕ್ಕದ ನಾಡಿನ ವಿಜ್ಞಾನಿಗಳ ಕೈಚಳಕ, ನಮ್ಮ ತುಂಗಭದ್ರೆಯ ನೀರು. ಇಂದು ಆ ಅಕ್ಕಿಯನ್ನು ಯಾರಾದರೂ ಮಲೇಷ್ಯಾದ್ದು ಎನ್ನುತ್ತಾರೆಯೇ?

ಮುಕ್ತ ಮಾದರಿಯನ್ನೂ ಹೀಗೆ ತಂದು, ನಮ್ಮ ಮಾತಿನ ಜತೆ ಕೂಡಿಸಿ, ನಮ್ಮದು ಮಾಡಿಕೊಳ್ಳಬಹುದು. ಒಮ್ಮೆ ಇಳಿಸಿಕೊಂಡ ಫೈಲನ್ನು ಯಾರೂ ವಾಪಸ್ ಕಸಿದುಕೊಳ್ಳಲು ಆಗುವುದಿಲ್ಲ. ಒಂದು ಕೊರತೆ ಮಾತ್ರ ಇದೆ: ಬೀಜ ಕೊಟ್ಟರೂ ಅದನ್ನು ಏನೇನು ಓದಿಸಿ ಬೆಳೆಸಿದರು ಎಂಬ ಪೂರ್ತಿ ವಿವರ ಹೆಚ್ಚಿನ ಕಂಪನಿಗಳು ಕೊಡುವುದಿಲ್ಲ. ಹಾಗಾಗಿ ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡಲೇಬೇಕು.

ಆ್ಯಪ್ ಬೇರೆ, ಮಾದರಿ ಬೇರೆ

ಚೀನಾದ್ದು ಅಂದ ಕೂಡಲೇ ಬಹಳ ಜನ ‘ಅದರ ಸಹವಾಸವೇ ಬೇಡ’ ಎನ್ನುತ್ತಾರೆ. ಆ ಹೆದರಿಕೆಗೆ ಕಾರಣವೂ ಇದೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಹಳ್ಳಿಗಳ ಎಷ್ಟೋ ಹುಡುಗ ಹುಡುಗಿಯರ ಹಾಡು, ಕುಣಿತ, ಹಾಸ್ಯದ ವಿಡಿಯೊಗಳು ರಾತ್ರೋರಾತ್ರಿ ಕೈಗೆ ಸಿಗದಂತಾದವು. ಡೀಪ್‌ಸೀಕ್ ಬಂದಾಗಲೂ ಹಾಗೇ ಆಯಿತು. ಅದರ ಆ್ಯಪ್‌ನಲ್ಲಿ ನಾವು ಬರೆದದ್ದು ಚೀನಾದ ಸರ್ವರ್‌ಗಳಲ್ಲಿ ಉಳಿಯುತ್ತದೆ ಎಂದು ಆ ಕಂಪನಿಯ ನಿಯಮಾವಳಿಯೇ ಹೇಳುತ್ತದೆ. ಇಟಲಿ ಅದನ್ನು ತಡೆಯಿತು. ಅರುಣಾಚಲ ಪ್ರದೇಶದ ಬಗ್ಗೆ ಕೇಳಿದರೆ ಆ್ಯಪ್ ಉತ್ತರ ಕೊಡದೆ ಜಾರಿಕೊಳ್ಳುತ್ತದೆ ಎಂದು ನಮ್ಮ ದೇಶದ ಪತ್ರಿಕೆಗಳು ಬರೆದವು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಆ್ಯಪ್ ಬಳಸಿದರೆ ನಮ್ಮ ಪ್ರಶ್ನೆ ಅವರ ಮನೆಗೆ ಹೋಗುತ್ತದೆ. ಮಾದರಿಯ ಫೈಲನ್ನು ಇಳಿಸಿಕೊಂಡು ನಮ್ಮ ಸರ್ವರ್‌ನಲ್ಲೋ, ನಮ್ಮ ಫೋನಿನಲ್ಲೋ ಓಡಿಸಿದರೆ ಪ್ರಶ್ನೆ ನಮ್ಮ ಮನೆಯಲ್ಲೇ ಉಳಿಯುವಂತೆ ಮಾಡಬಹುದು. ಅದಕ್ಕೇ ಕೇಂದ್ರದ ಐಟಿ ಸಚಿವ ಅಶ್ವಿನಿ ವೈಷ್ಣವ್ 2025ರ ಜನವರಿ ಕೊನೆಯಲ್ಲಿ, ಡೀಪ್‌ಸೀಕ್ ಮಾದರಿಯನ್ನು ಭಾರತದ ಸರ್ವರ್‌ಗಳಲ್ಲೇ ಇರಿಸಲಾಗುವುದು ಎಂದರು. ಬೆಂಗಳೂರಿನ ಕೃತ್ರಿಮ್ ಕಂಪನಿ ಅದನ್ನು ತನ್ನ ಇಲ್ಲಿನ ಸರ್ವರ್‌ಗಳಲ್ಲಿ ಓಡಿಸಿಯೂ ತೋರಿಸಿತು. ಅಮೆರಿಕದ ಪರ್‌ಪ್ಲೆಕ್ಸಿಟಿ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ಆರ್1 ಮಾದರಿಗೆ ಮತ್ತೆ ಪಾಠ ಹೇಳಿ, ಚೀನಾ ಸರ್ಕಾರಕ್ಕೆ ಇಷ್ಟವಿಲ್ಲದ ವಿಷಯಗಳಿಗೂ ಉತ್ತರ ಕೊಡುವಂತೆ ತಿದ್ದಿತು. ಬೀಜ ಕೈಗೆ ಸಿಕ್ಕರೆ ಕಳೆ ಕೀಳಲು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಅಮೆರಿಕದ ಮುಚ್ಚಿದ ಮಾದರಿ ಬಳಸಿದರೂ ನಮ್ಮ ಮಾತು ಊರು ಬಿಟ್ಟು ಹೋಗುತ್ತದೆ ಎಂಬುದನ್ನು ಮರೆಯಬಾರದು. 2025ರ ಜನವರಿ 29ರಂದು ಕೇಂದ್ರ ಹಣಕಾಸು ಸಚಿವಾಲಯ ತನ್ನ ನೌಕರರಿಗೆ, ಕಚೇರಿಯ ಕಂಪ್ಯೂಟರ್‌ಗಳಲ್ಲಿ ಡೀಪ್‌ಸೀಕ್ ಮಾತ್ರವಲ್ಲ, ಚಾಟ್‌ಜಿಪಿಟಿಯನ್ನೂ ಬಳಸಬೇಡಿ ಎಂದು ಸೂಚಿಸಿತ್ತು. ಯಾವ ದೇಶದ್ದು ಎಂಬ ಪ್ರಶ್ನೆಗಿಂತ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ದೊಡ್ಡದು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಎರಡು ಮಂಗಳೂರು, ಒಂದು ಎಣ್ಣಿ

ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಎಂಬುದಾಯಿತು. ಬರುವ ಉತ್ತರ ಎಂಥದ್ದು? ನಮ್ಮ ಪಾಲಿಗೆ ಇದೇ ನಿಜವಾದ ಕಷ್ಟ.

ನಮ್ಮ ಯಲಬುರ್ಗಾ ಭಾಗದಲ್ಲಿ ಮಂಗಳೂರು ಎಂಬ ಊರಿದೆ. ‘ಮಂಗಳೂರಿನಲ್ಲಿ ಈ ತಿಂಗಳು ಏನು ಬಿತ್ತಬೇಕು’ ಎಂದು ಆ ಊರಿನ ರೈತ ಫೋನನ್ನು ಕೇಳಿದರೆ ಯಂತ್ರ ಯಾವ ಮಂಗಳೂರನ್ನು ನೆನೆಯುತ್ತದೆ? ಅದು ಓದಿದ ಪುಟಗಳಲ್ಲಿ ಸಾವಿರ ಸಲ ಬಂದಿರುವುದು ಕಡಲ ತೀರದ ಮಂಗಳೂರು. ಅಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ನಮ್ಮ ಜಿಲ್ಲೆಯಲ್ಲಿ 600 ಮಿ.ಮೀ. ಆಸುಪಾಸು. ಅಲ್ಲಿ ಅಡಿಕೆ, ತೆಂಗು. ಇಲ್ಲಿ ಹೆಸರು, ಸಜ್ಜೆ, ಕಡಲೆ, ಜೋಳ. ಆ ಮಂಗಳೂರಿನ ಸಲಹೆ ಈ ಮಂಗಳೂರಿಗೆ ಬಂದರೆ ಹೊಲದ ಗತಿ ಏನು?

ಇನ್ನೊಂದು ಉದಾಹರಣೆ. ‘ಎರಿ ಹೊಲದಾಗ ಕಡ್ಲಿ ಬಿತ್ತೀವಿ, ಕಾಯಿಗೆ ಹುಳ ಬಿದ್ದೈತಿ, ಯಾವ ಎಣ್ಣಿ ಹೊಡಿಬೇಕು, ಪಂಪಿಗೆ ಎಷ್ಟು ಹಾಕಬೇಕು?’ ನಮ್ಮಲ್ಲಿ ಈ ಮಾತು ಹುಡುಗನಿಗೂ ಅರ್ಥವಾಗುತ್ತದೆ. ಎರಿ ಎಂದರೆ ಕಪ್ಪು ಮಣ್ಣು. ಎಣ್ಣಿ ಎಂದರೆ ಕೀಟನಾಶಕ. ಪಂಪು ಎಂದರೆ ಬೆನ್ನಿಗೆ ಹಾಕಿಕೊಂಡು ಹೊಡೆಯುವ ಸಿಂಪರಣೆ ಯಂತ್ರ. ಪುಸ್ತಕದ ಕನ್ನಡವನ್ನಷ್ಟೇ ಓದಿದ ಯಂತ್ರಕ್ಕೆ ಎಣ್ಣಿ ಎಂದರೆ ಅಡುಗೆ ಎಣ್ಣೆ. ಪಂಪು ಎಂದರೆ ಬೋರ್‌ವೆಲ್ ಮೋಟರ್. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಸುಮ್ಮನಾದರೆ ಚಿಂತೆಯಿರಲಿಲ್ಲ. ಈ ಯಂತ್ರಗಳ ದೊಡ್ಡ ದೋಷವೇ ಗೊತ್ತಿಲ್ಲದ್ದನ್ನೂ ಗಟ್ಟಿ ದನಿಯಲ್ಲಿ ಹೇಳುವುದು. ಪಂಪಿಗೆ ಹಾಕುವ ಎಂ.ಎಲ್. ಲೆಕ್ಕ ತಪ್ಪಿದರೆ ಒಂದೋ ಹುಳ ಉಳಿಯುತ್ತದೆ, ಇಲ್ಲವೇ ಬೆಳೆ ಸುಡುತ್ತದೆ. ಹೊಡೆಯುವವನ ಜೀವಕ್ಕೂ ಅಪಾಯ.

ಯಂತ್ರಕ್ಕೆ ಕನ್ನಡ ಯಾಕೆ ಇಷ್ಟು ಕಡಿಮೆ ಗೊತ್ತು? ಅದು ಓದಲು ನಾವು ಇಟ್ಟಿರುವುದೇ ಕಡಿಮೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ ಜನ. ಆದರೆ ಕನ್ನಡ ವಿಕಿಪೀಡಿಯದಲ್ಲಿ ಇರುವ ಲೇಖನಗಳು 30 ಸಾವಿರದ ಮೇಲೆ ಸ್ವಲ್ಪ. ಇಂಗ್ಲಿಷ್‌ನಲ್ಲಿ 70 ಲಕ್ಷ. ಇನ್ನು ಇರುವ ಕನ್ನಡವನ್ನೂ ಯಂತ್ರ ಚೂರು ಚೂರು ಮಾಡಿ ಓದುತ್ತದೆ. ಬೆಂಗಳೂರಿನ ಸರ್ವಂ ಎಐ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಹೇಳಿದ ಪ್ರಕಾರ, ಬೇರೆ ಬಹುಭಾಷಾ ಮಾದರಿಗಳು ಭಾರತದ ಭಾಷೆಗಳ ಒಂದೊಂದು ಪದವನ್ನು 4ರಿಂದ 8 ತುಂಡು ಮಾಡುತ್ತವೆ. ಸರ್ವಂ ತಾನು ಮಾಡಿದ ಮಾದರಿಯಲ್ಲಿ ಅದನ್ನು 2ರ ಆಸುಪಾಸಿಗೆ ಇಳಿಸಿತು. ತುಂಡು ಹೆಚ್ಚಾದಷ್ಟೂ ಉತ್ತರ ನಿಧಾನ, ಖರ್ಚು ಜಾಸ್ತಿ.

ಕ್ವೆನ್3 ಮಾದರಿ ತನಗೆ 119 ಭಾಷೆ, ಉಪಭಾಷೆಗಳು ಬರುತ್ತವೆ ಎನ್ನುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಸಂತೋಷ. ಆದರೆ ಯಾವ ಕನ್ನಡ? ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳ ಗಡಿ ಹಾಕುತ್ತದೆ. ಅದರಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಅದಕ್ಕೂ ಸಾವಿರ ವರ್ಷ ಮೊದಲೇ ಅಶೋಕ ಚಕ್ರವರ್ತಿ ಇದೇ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಯ ಮೇಲೆ ಶಾಸನ ಬರೆಸಿದ್ದ. ದೂರದ ಅರಸ ಕಳಿಸಿದ ಆ ಸಂದೇಶ ಪ್ರಾಕೃತದಲ್ಲಿತ್ತು, ನಮ್ಮವರ ನುಡಿಯಲ್ಲಿ ಇರಲಿಲ್ಲ. ಇವತ್ತು ದೂರದಿಂದ ಬಂದ ಯಂತ್ರವೂ ನಮ್ಮ ಜತೆ ಬೇರೆಯವರ ಕನ್ನಡದಲ್ಲೇ ಮಾತಾಡುತ್ತದೆ. ಒಂದು ಕಾಲಕ್ಕೆ ತಿರುಳ್ಗನ್ನಡದ ನಾಡು ಎನಿಸಿಕೊಂಡವರ ಮಾತು ಯಂತ್ರದ ಕಿವಿಗೆ ಬೀಳದಿದ್ದರೆ ಆ ನಷ್ಟಕ್ಕೆ ಹೊಣೆ ಯಾರು?

ನಮ್ಮ ಬಾಪಟ್ಲಾ ಯಾವುದು?

ಮಸೂರಿ ಬೀಜ ಮಲೇಷ್ಯಾದಿಂದ ಬಂದದ್ದು ನಿಜ. ಆದರೆ ಬಂದ ಬೀಜ ತಾನಾಗಿ ಸೋನಾ ಮಸೂರಿ ಆಗಲಿಲ್ಲ. ಸರ್ಕಾರದ ಸಂಶೋಧನಾ ಕೇಂದ್ರ, ಜನರ ತೆರಿಗೆ ಹಣ, ವರ್ಷಗಟ್ಟಲೆ ಹೊಲದಲ್ಲಿ ನಿಂತ ವಿಜ್ಞಾನಿಗಳು ಬೇಕಾಯಿತು. ಮುಕ್ತ ಮಾದರಿಯ ಕಥೆಯೂ ಅದೇ. ಬೀಜ ಬಂದಿದೆ. ಕನ್ನಡದ ಬಾಪಟ್ಲಾ ಎಲ್ಲಿದೆ?

ಕೆಲಸ ಶುರುವೇ ಆಗಿಲ್ಲ ಎಂದರೆ ತಪ್ಪಾಗುತ್ತದೆ. 2024ರ ಆರಂಭದಲ್ಲೇ ಯುವಕರ ಎರಡು ತಂಡಗಳು ಮೆಟಾ ಕಂಪನಿ ತೆರೆದಿಟ್ಟ ‘ಲಾಮಾ 2’ ಮಾದರಿಗೆ ಕನ್ನಡ ಓದಿಸಿ ‘ಅಂಬಾರಿ’, ‘ಕನ್ನಡ ಲಾಮಾ’ ಎಂಬ ಮಾದರಿಗಳನ್ನು ಮಾಡಿ ಹೊರಗಿಟ್ಟವು. ದೊಡ್ಡ ಬಂಡವಾಳ ಇಲ್ಲದವರೂ ಮುಕ್ತ ಮಾದರಿ ಸಿಕ್ಕರೆ ಕೈ ಹಾಕಬಹುದು ಎಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸಿ, ಎಲ್ಲರಿಗೂ ಸಿಗುವಂತೆ ಇಡುತ್ತಿದೆ. ಕಾರ್ಯ ಎಂಬ ಸಂಸ್ಥೆ ಚಾಮರಾಜನಗರದ ಕಡೆಯ ಹಳ್ಳಿಯವರಿಂದ ಫೋನಿನಲ್ಲಿ ಕನ್ನಡ ಓದಿಸಿ, ಅದಕ್ಕೆ ಕೂಲಿ ಕೊಟ್ಟಿತು. ಗಂಟೆಗೆ ಸುಮಾರು 5 ಡಾಲರ್. ನಮ್ಮ ಹೊಲದ ಕೂಲಿಗಿಂತ ಎಷ್ಟೋ ಹೆಚ್ಚು. ಮಾತಿಗೂ ಬೆಲೆ ಇದೆ, ಮಾತು ಕೊಟ್ಟವರಿಗೆ ಹಣ ಸಲ್ಲಬೇಕು ಎಂಬ ಪದ್ಧತಿಯನ್ನು ಅದು ತೋರಿಸಿಕೊಟ್ಟಿತು.

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಇಂಡಿಯಾ ಎಐ ಮಿಷನ್‌ಗೆ 10,372 ಕೋಟಿ ರೂಪಾಯಿ ಮಂಜೂರು ಮಾಡಿತು. ದೇಶದ್ದೇ ಆದ ದೊಡ್ಡ ಮಾದರಿ ಕಟ್ಟಲು 2025ರ ಏಪ್ರಿಲ್‌ನಲ್ಲಿ ಸರ್ವಂ ಸಂಸ್ಥೆಯನ್ನು ಆರಿಸಿತು. ಸೊನ್ನೆಯಿಂದ ನಮ್ಮದನ್ನೇ ಕಟ್ಟುವ ಆ ಪ್ರಯತ್ನ ಬೇಕು. ಅದು ಕೈಗೂಡುವವರೆಗೆ ಬಂದ ಬೀಜವನ್ನು ಗೋದಾಮಿನಲ್ಲಿ ಕೊಳೆಯಲು ಬಿಡಬೇಕಾಗಿಲ್ಲ. ಎರಡಕ್ಕೂ ಬೇಕಾದ ಗೊಬ್ಬರ ಒಂದೇ: ಬೇರೆ ಬೇರೆ ಊರಿನ, ಬೇರೆ ಬೇರೆ ಕಸುಬಿನ ಕನ್ನಡ.

ಆ ಕನ್ನಡ ನಮ್ಮ ಬಳಿ ಬೇಕಾದಷ್ಟಿದೆ, ಆದರೆ ಬೀಗದೊಳಗಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ನಮ್ಮ ಭಾಗದ ಬೆಳೆಗಳಿಗೇ ಎಂದು ಬರೆಯುವ ಸಲಹೆಗಳಿವೆ. ಇಲಾಖೆಗಳ ಸುತ್ತೋಲೆಗಳಿವೆ. ಗ್ರಾಮಸಭೆಯ ನಡಾವಳಿಗಳಿವೆ. ಇಂಥ ಎಷ್ಟೋ ಕಾಗದ ಫೋಟೊ ತೆಗೆದ ಪಿಡಿಎಫ್ ಆಗಿ ಬಿದ್ದಿರುತ್ತದೆ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಕಡತವನ್ನು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನಮಗೇ ಓದಲು ಆಗದ್ದನ್ನು ಯಂತ್ರ ಹೇಗೆ ಓದೀತು? ನಮ್ಮಂಥ ವರದಿಗಾರರ ಪಾಲೂ ಇದರಲ್ಲಿದೆ. ಬಯಲಾಟದ ಕಲಾವಿದರು, ಕಿನ್ನಾಳದ ಗೊಂಬೆ ಮಾಡುವವರು, ಹಂತಿ ಹಾಡು ಬಲ್ಲ ಹಿರಿಯರು ಹೇಳಿದ ಮಾತುಗಳು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜುಗಳಲ್ಲೇ ಉಳಿದು, ಫೋನ್ ಕೆಟ್ಟ ದಿನ ಅಳಿಸಿ ಹೋಗುತ್ತವೆ.

ನಾವು ಕೇಳಬೇಕಾದ್ದು

ಮೊದಲನೆಯದು ಕೇಂದ್ರ ಸರ್ಕಾರಕ್ಕೆ. 2016ರಲ್ಲಿ ಅದು ಒಂದು ಒಳ್ಳೆಯ ಆದೇಶ ಹೊರಡಿಸಿತು. ಭಾರತದಲ್ಲಿ ಮಾರುವ ಮೊಬೈಲ್‌ಗಳಲ್ಲಿ 22 ಭಾಷೆಗಳನ್ನೂ ಓದಲು ಬರಬೇಕು, ಇಂಗ್ಲಿಷ್, ಹಿಂದಿ ಜತೆಗೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಟೈಪ್ ಮಾಡಲು ಬರಬೇಕು ಎಂದು ಮಾನಕ ಗೊತ್ತುಪಡಿಸಿತು. ಅದಕ್ಕೂ ಮೊದಲು ಕನ್ನಡ ಮೆಸೇಜು ಬಂದರೆ ಕೆಲವು ಫೋನಿನಲ್ಲಿ ಬರೀ ಚೌಕದ ಡಬ್ಬಿಗಳು ಕಾಣುತ್ತಿದ್ದ ದಿನ ನಿಮಗೂ ನೆನಪಿರಬಹುದು. ಷರತ್ತು ಹಾಕಿದರೆ ಕಂಪನಿಗಳು ಮಣಿಯುತ್ತವೆ ಎಂದು ಮೇಲೆ ಹೇಳಿದೆವಲ್ಲ, ಇಲ್ಲೂ ಅದೇ ದಾರಿ. ಇನ್ನು ಮೇಲೆ ‘ಎಐ ಇದೆ’ ಎಂದು ಮಾರುವ ಫೋನ್ ಕನ್ನಡವೂ ಸೇರಿ 22 ಭಾಷೆಗಳಲ್ಲಿ ಕೇಳಿಸಿಕೊಳ್ಳಬೇಕು, ಉತ್ತರಿಸಬೇಕು. ಯಾರ ಮಾದರಿ, ಪ್ರಶ್ನೆ ಯಾವ ದೇಶದ ಸರ್ವರ್‌ಗೆ ಹೋಗುತ್ತದೆ ಎಂಬುದನ್ನು ಡಬ್ಬದ ಮೇಲೆ ಕನ್ನಡದಲ್ಲಿ ಬರೆಯಬೇಕು. ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು ಎಂದು ಬರೆಯುವುದು ಕಡ್ಡಾಯ ಇರುವಾಗ ಇದು ಯಾಕೆ ಆಗಬಾರದು?

ಎರಡನೆಯದು ರಾಜ್ಯ ಸರ್ಕಾರಕ್ಕೆ. ಜನರ ದುಡ್ಡಿನಲ್ಲಿ ಬರೆಸಿದ ಕನ್ನಡದ ಪ್ರತಿಯೊಂದು ಸಲಹೆ, ಸುತ್ತೋಲೆ, ಪಠ್ಯ ಯೂನಿಕೋಡ್‌ನಲ್ಲಿ, ಯಾರು ಬೇಕಾದರೂ ಬಳಸುವಂತೆ ಹೊರಗೆ ಬರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಮನಸ್ಸು ಮಾಡಿದರೆ ಸಾಕು.

ಮೂರನೆಯದು ನಮ್ಮ ವಿಶ್ವವಿದ್ಯಾಲಯಗಳಿಗೆ. ಹಂಪಿಯಲ್ಲಿ ಕನ್ನಡಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ. ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಇದೆ. ರಾಯಚೂರಿನಲ್ಲಿ ಕೃಷಿಯವರಿದ್ದಾರೆ. ಮೂರೂ ಕಡೆಯವರು ಕೂಡಿ, ಎರಿ ಹೊಲ, ಮಸಾರಿ ಹೊಲ, ರಂಟಿ, ಕುಂಟಿ, ಎಡೆ ಹೊಡೆಯುವುದು, ಹರಗುವುದು, ಎಣ್ಣಿ ಹೊಡೆಯುವುದು ಎಂಬ ನಮ್ಮ ಮಾತುಗಳನ್ನು ರೈತರ ಬಾಯಿಂದಲೇ ಕೇಳಿ, ಒಪ್ಪಿಗೆ ಪಡೆದು, ಕೂಲಿ ಕೊಟ್ಟು ಧ್ವನಿಮುದ್ರಿಸಲಿ. ಯಾವುದಾದರೂ ಮುಕ್ತ ಮಾದರಿಗೆ ಅದನ್ನು ಕಲಿಸಲಿ. ಕಲಿಸಿದ ಮೇಲೆ ಕೃಷಿ ವಿಜ್ಞಾನಿಗಳು, ರೈತರು ಕೂತು ಪರೀಕ್ಷೆ ಮಾಡಲಿ. ಪಾಸಾದರೆ ಮಾತ್ರ ಜನರ ಕೈಗೆ ಬರಲಿ. ಚೀನಾದ್ದು, ಅಮೆರಿಕದ್ದು, ನಮ್ಮದು, ಯಾವುದು ಪರೀಕ್ಷೆಯಲ್ಲಿ ಚೆನ್ನಾಗಿ ಬಂತೋ ಅದನ್ನೇ ಇಟ್ಟುಕೊಳ್ಳೋಣ.

ಇದು ಮುಖ್ಯವಾಗಿ ಬೇಕಾಗಿರುವುದು ಓದು ಬರಹ ಬಾರದವರಿಗೆ. ಟೈಪ್ ಮಾಡಲು ಬಾರದ ಅವ್ವ, ಅಜ್ಜಿಯರಿಗೆ ಮಾತಾಡಿದರೆ ಉತ್ತರ ಕೊಡುವ ಫೋನ್ ನಿಜವಾಗಿ ಉಪಕಾರ. ಪಿಂಚಣಿ ಯಾಕೆ ನಿಂತಿತು, ರೇಷನ್ ಕಾರ್ಡಿಗೆ ಏನು ಬೇಕು ಎಂದು ಯಾರ ಕೈಕಾಲೂ ಹಿಡಿಯದೆ ಕೇಳಬಹುದು. ಆ ಮಾತು ಅರ್ಥವಾಗದ ಯಂತ್ರ ಅವರ ಪಾಲಿಗೆ ಇದ್ದೂ ಇಲ್ಲದಂತೆ.

ಅಲ್ಲಿಯವರೆಗೆ ನೀವು ಮಾಡಬೇಕಾದ್ದು

ಫೋನಿನಲ್ಲಿ ನೆಟ್ ಪೂರ್ತಿ ಬಂದ್ ಮಾಡಿ ಎಐಗೆ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬಂದರೆ ಮಾದರಿ ಫೋನಿನೊಳಗೇ ಇದೆ. ಬರದಿದ್ದರೆ ನಿಮ್ಮ ಪ್ರಶ್ನೆ ಹೊರಗೆ ಹೋಗಿಯೇ ಉತ್ತರ ಬರುತ್ತಿದೆ ಎಂದು ತಿಳಿಯಿರಿ. ಕ್ವೆನ್3ರ ತೀರ ಚಿಕ್ಕ ಮಾದರಿಗೆ ಫೋನಿನಲ್ಲಿ ಒಂದು ಜಿಬಿ ಜಾಗವೂ ಬೇಕಾಗದಂತೆ ಮಾಡಬಹುದು, ಆದರೆ ಚಿಕ್ಕದರ ಕನ್ನಡ ದೊಡ್ಡದರಷ್ಟು ಚೆನ್ನಾಗಿರುವುದಿಲ್ಲ. ಡೀಪ್‌ಸೀಕ್‌ನ ದೊಡ್ಡ ಮಾದರಿ ಯಾವ ಫೋನಿನಲ್ಲೂ ಹಿಡಿಸುವಂಥದ್ದಲ್ಲ.

ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ, ಹೊಲದ ಪಹಣಿ ಫೋಟೊ, ಆಸ್ಪತ್ರೆಯ ರಿಪೋರ್ಟು ಯಾವ ಎಐಗೂ ಹಾಕಬೇಡಿ. ಅದು ಯಾವ ದೇಶದ್ದಾದರೂ ಸರಿ.

ಇವತ್ತಿನ ವಿಷಯಕ್ಕೆ ಯಂತ್ರದ ನೆನಪನ್ನು ನಂಬಬೇಡಿ. ಮಾದರಿ ಒಂದು ದಿನದವರೆಗೆ ಓದಿ ನಿಲ್ಲಿಸಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಅದಕ್ಕೆ ಮೊದಲೇ ಓದು ನಿಲ್ಲಿಸಿದ ಮಾದರಿಗೆ ಆ ಗೇಟು ಇನ್ನೂ ಗಟ್ಟಿಯಾಗಿದೆ. ಕಾಲುವೆಗೆ ನೀರು ಯಾವಾಗ, ಎಪಿಎಂಸಿಯಲ್ಲಿ ಇವತ್ತಿನ ದರ ಏನು ಎಂಬುದನ್ನು ಅದರ ನೆನಪಿನಿಂದ ಕೇಳುವುದು ಹೋದ ವರ್ಷದ ಪೇಪರ್ ಓದಿದಂತೆ.

ಎಣ್ಣಿಯ ಅಳತೆಗೆ ಡಬ್ಬಿಯ ಮೇಲಿನ ಚೀಟಿ ಓದಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕಿಸಾನ್ ಕಾಲ್ ಸೆಂಟರ್‌ನ 1800-180-1551 ನಂಬರಿಗೆ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಉತ್ತರ ಹೇಳುವುದು ಮನುಷ್ಯರು. ಅರ್ಥವಾಗದಿದ್ದರೆ ‘ಯಾವ ಊರ ಮಂಗಳೂರ್ರೀ?’ ಎಂದು ತಿರುಗಿ ಕೇಳುತ್ತಾರೆ.

ಫೋನಿನೊಳಗಿನ ಯಂತ್ರವೂ ಹಾಗೆ ತಿರುಗಿ ಕೇಳುವಂತಾಗಬೇಕು. ಬೀಜ ಹಾಂಗ್‌ಝೌದಿಂದ ಬಂದಿದ್ದರೂ ಸರಿ. ಅದನ್ನು ನಮ್ಮ ಮಣ್ಣಿಗೆ ಒಗ್ಗಿಸುವ ಕೆಲಸ ಚೀನಾದವರು ಮಾಡಿಕೊಡುವುದಿಲ್ಲ, ಆ್ಯಪಲ್ ಮಾಡಿಕೊಡುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ, ಓಟು ಕೇಳಲು ಬಂದವರ ಮುಂದೆ, ರಸ್ತೆ, ನೀರಿನ ಜತೆಗೆ ಇದನ್ನೂ ಒಂದು ಮಾತು ಕೇಳಿ: ನಮ್ಮ ಕನ್ನಡ ಬಲ್ಲ ಎಐ ಯಾವಾಗ ಬರುತ್ತದೆ, ಅದಕ್ಕೆ ನೀವು ಏನು ಮಾಡಿದ್ದೀರಿ?